ಎಣ್ಣೆಯ ಹಗೇವಿನ ಬಾಯಿ ಯಾರ ಕೈಯಲ್ಲಿ?

ಒಂಬತ್ತೂವರೆ ದಿನ.

ಈ ಸಂಖ್ಯೆಯನ್ನು ಸ್ವಲ್ಪ ಹೊತ್ತು ತಲೆಯಲ್ಲಿ ಇಟ್ಟುಕೊಳ್ಳಿ ವೀಕ್ಷಕರೇ. ನಾಳೆ ಬೆಳಿಗ್ಗೆಯಿಂದ ಈ ದೇಶಕ್ಕೆ ಹೊರಗಿನಿಂದ ಒಂದೇ ಒಂದು ಹಡಗು ಕಚ್ಚಾ ತೈಲವೂ ಬರಲಿಲ್ಲ ಅಂತ ಇಟ್ಟುಕೊಳ್ಳೋಣ. ಆಪತ್ಕಾಲಕ್ಕೆ ಅಂತ ಸರ್ಕಾರ ನೆಲದೊಳಗೆ ಕೂಡಿಟ್ಟಿರುವ ತೈಲ ಎಷ್ಟು ದಿನಕ್ಕೆ ಸಾಕಾಗುತ್ತೆ? ಪೂರ್ತಿ ತುಂಬಿದ್ದರೆ ಒಂಬತ್ತೂವರೆ ದಿನಕ್ಕೆ. ಇದು ಸರ್ಕಾರವೇ ಕೊಟ್ಟ ಲೆಕ್ಕ, 2019–20ರ ಬಳಕೆಯ ಆಧಾರದಲ್ಲಿ. ಬಳಕೆ ಏರಿದಷ್ಟೂ ಈ ದಿನಗಳು ಕಡಿಮೆಯಾಗ್ತಾ ಹೋಗುತ್ತವೆ. ತೈಲ ಕಂಪನಿಗಳ ಟ್ಯಾಂಕುಗಳಲ್ಲಿ ಇರುವುದನ್ನೂ ಸೇರಿಸಿದರೆ ಒಟ್ಟು 74 ದಿನ. ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ ಹೇಳುವುದು 90 ದಿನ ಇಟ್ಟುಕೊಳ್ಳಿ ಅಂತ.

ನಾವು ಸುಡುವ ನೂರು ಲೀಟರ್ ತೈಲದಲ್ಲಿ 85 ಲೀಟರ್‌ಗಿಂತ ಹೆಚ್ಚು ಹೊರಗಿನಿಂದ ಬರುತ್ತೆ. ಹೀಗಿರುವಾಗ ಕೇಳಬೇಕಾದ ಪ್ರಶ್ನೆ ಲೀಟರಿಗೆ ಎಷ್ಟು ರೂಪಾಯಿ ಅನ್ನೋದು ಮಾತ್ರವಾ? ಇಂದು ಬೇರೆ ಮೂರು ಪ್ರಶ್ನೆ ಕೇಳೋಣ. ತೈಲ ಎಷ್ಟು ಕೂಡಿಟ್ಟಿದ್ದೇವೆ? ಅದರ ಬಾಯಿ ಯಾರ ಕೈಯಲ್ಲಿದೆ? ಕೊನೆಯ ಹಳ್ಳಿಗೆ ಅದು ಮುಟ್ಟುತ್ತಾ?

ಈ ಮಾತನ್ನು ನಾನು ವಿಜಯಪುರದಿಂದ ಶುರು ಮಾಡ್ತೀನಿ. ಅಲ್ಲಿ ತೈಲಬಾವಿ ಇಲ್ಲ, ಬಂದರು ಇಲ್ಲ, ಸಂಸ್ಕರಣಾಗಾರವೂ ಇಲ್ಲ. ಆದರೆ ಸರಬರಾಜು ನಿಂತರೆ ಏನಾಗುತ್ತೆ ಅನ್ನೋದನ್ನು ಕರ್ನಾಟಕದಲ್ಲಿ ಆ ಊರಿನಷ್ಟು ಚೆನ್ನಾಗಿ ಕಲಿತ ಊರು ಇನ್ನೊಂದು ಸಿಗುವುದು ಕಷ್ಟ.

1685ರ ಏಪ್ರಿಲ್. ಔರಂಗಜೇಬನ ಸೈನ್ಯ ವಿಜಯಪುರದ ಕೋಟೆಗೆ ಮುತ್ತಿಗೆ ಹಾಕಿತು. ಒಳಗೆ ಏನು ಕಡಿಮೆ ಇತ್ತು ಹೇಳಿ? 55 ಟನ್ ತೂಕದ ಮಲಿಕ್‌-ಎ-ಮೈದಾನ್ ಫಿರಂಗಿ ಇತ್ತು. ದೂರದವರೆಗೂ ಕಣ್ಣಿಡಲು ಉಪ್ಪಲಿ ಬುರುಜು ಇತ್ತು. ತಾಜ್ ಬಾವಡಿ ಇತ್ತು, ಬೇಗಂ ತಲಾಬ್ ಇತ್ತು, ತಿಕೋಟಾ ರಸ್ತೆಯ ತೊರವಿ ಕಡೆಯಿಂದ ನೆಲದಡಿಯ ಸುರಂಗದಲ್ಲಿ ಊರಿಗೆ ನೀರು ತರುವ ವ್ಯವಸ್ಥೆ ಇತ್ತು. ಆದಿಲ್‌ಶಾಹಿಗಳು ನೀರಿನ ವಿಷಯದಲ್ಲಿ ಎಷ್ಟು ಮುಂದಾಲೋಚನೆ ಮಾಡಿದ್ದರು ಅಂದರೆ, ಎಂಜಿನಿಯರಿಂಗ್ ಓದಿದ ನನ್ನಂಥವನು ಆ ಸುರಂಗಗಳನ್ನು ನೋಡಿ ಇವತ್ತಿಗೂ ಬೆರಗಾಗಬೇಕು. ಆದರೂ 1686ರ ಸೆಪ್ಟೆಂಬರ್ 12ರಂದು ಸಿಕಂದರ್ ಆದಿಲ್‌ಶಾಹ ಶರಣಾದ. ಹದಿನೇಳು ತಿಂಗಳ ಮುತ್ತಿಗೆಯಲ್ಲಿ ಕೋಟೆಯೊಳಗೆ ಕಾಳು ಮುಗಿದಿತ್ತು, ಮೇವು ಮುಗಿದಿತ್ತು. ಹಸಿವು ಹೊರಗಿನ ಮೊಗಲ್ ಪಾಳೆಯದಲ್ಲೂ ಇತ್ತು. ಆದರೆ ಅವರಿಗೆ ಫಿರೋಜ್ ಜಂಗ್ ಹೊರಗಿನಿಂದ ಆಹಾರದ ಸಾಲುಗಾಡಿಗಳನ್ನು ತಂದು ಮುಟ್ಟಿಸಿದ. ಕೋಟೆಯೊಳಗಿನವರಿಗೆ ತಂದು ಮುಟ್ಟಿಸುವವರು ಯಾರೂ ಇರಲಿಲ್ಲ. ಫಿರಂಗಿ ಇದ್ದ ಜಾಗದಲ್ಲೇ ಇತ್ತು, ಸರಬರಾಜಿನ ದಾರಿ ಮುಚ್ಚಿಹೋಗಿತ್ತು.

ಮತ್ತೆ ಸುಮಾರು 190 ವರ್ಷ ಮುಂದಕ್ಕೆ ಬನ್ನಿ. 1876ರಿಂದ 78ರ ಭೀಕರ ಬರ. ಆಗ ಈ ಪ್ರದೇಶ ಕಲಾದಗಿ ಜಿಲ್ಲೆ. ಸೊಲ್ಲಾಪುರದವರೆಗೆ ರೈಲು ಬಂದಿತ್ತು, ವಿಜಯಪುರಕ್ಕೆ ಇರಲಿಲ್ಲ. ಕಾಳು ಬರಬೇಕಾದರೆ ಎತ್ತಿನ ಗಾಡಿಯಲ್ಲೇ ಬರಬೇಕು, ಮೇವಿಲ್ಲದೆ ಎತ್ತುಗಳೇ ಸಾಯುತ್ತಿದ್ದರೆ ಗಾಡಿ ಎಳೆಯೋದು ಯಾರು? ಹೊಟಗಿಯಿಂದ ವಿಜಯಪುರದ ಮೇಲೆ ಗದಗಕ್ಕೆ ಹೋಗುವ ರೈಲು ಮಾರ್ಗ ಹುಟ್ಟಿದ್ದು ಆ ಬರದ ಪಾಠದಿಂದ. 1884ರಲ್ಲಿ ಅದು ಶುರುವಾಯಿತು. ಲಕ್ಷಗಟ್ಟಲೆ ಜನ ಸತ್ತ ಮೇಲೆ ಹಾಕಿದ ಹಳಿ ಅದು.

ಆ ಸೀಮೆಯ ರೈತರಿಗೆ ಮಾತ್ರ ಈ ಪಾಠ ಮೊದಲೇ ಗೊತ್ತಿತ್ತು. ಅದಕ್ಕೇ ಅವರು ಹಗೇವು ತೋಡುತ್ತಿದ್ದರು. ಬೆಂಗಳೂರು, ಮೈಸೂರು ಕಡೆಯ ವೀಕ್ಷಕರಿಗೆ ಹೇಳಿಬಿಡ್ತೀನಿ, ಹಗೇವು ಅಂದರೆ ನೆಲದೊಳಗಿನ ಕಣಜ. ಆಳವಾದ ಗುಂಡಿ ತೋಡಿ, ಸುತ್ತ ಹುಲ್ಲು ಒತ್ತಿ, ಬಿಳಿಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಚೆನ್ನಾಗಿ ಬೆಳೆದ ವರ್ಷ ತುಂಬೋದು, ಬರ ಬಂದ ವರ್ಷ ತೆಗೆಯೋದು. ತೆಗೆದ ತಕ್ಷಣ ಒಳಗೆ ಇಳಿಯಬಾರದು, ಕೆಟ್ಟ ಗಾಳಿ ಹೊರಗೆ ಹೋಗುವವರೆಗೆ ಕಾಯಬೇಕು ಅನ್ನೋದು ಮನೆಮನೆಗೂ ಗೊತ್ತಿದ್ದ ಎಚ್ಚರಿಕೆ. ಹಗೇವಿನಲ್ಲಿ ಜೋಳ ಇದ್ದ ಮನೆಯವರು ಸಾಹುಕಾರ ಹೇಳಿದ ದರಕ್ಕೆ ತಲೆ ಬಾಗಿಸಬೇಕಿರಲಿಲ್ಲ. ಇಂಧನ ಭದ್ರತೆ ಅಂತ ದೆಹಲಿಯಲ್ಲಿ ದಪ್ಪ ದಪ್ಪ ವರದಿ ಬರೆಯುತ್ತಾರಲ್ಲ, ಅದರ ಸಾರ ಇಷ್ಟೇ.

ಈಗ ಎಣ್ಣೆಗೆ ಬರೋಣ. ಸ್ವಾತಂತ್ರ್ಯ ಬಂದಾಗ ನಮ್ಮ ದೇಶದ ಎಣ್ಣೆಯ ಹಗೇವು ಯಾರ ಕೈಯಲ್ಲಿತ್ತು? ಅಸ್ಸಾಮಿನ ದಿಗ್ಬೋಯಿಯಲ್ಲಿ 1889ರಲ್ಲೇ ತೈಲ ಸಿಕ್ಕಿತ್ತು, 1901ರಲ್ಲಿ ಸಂಸ್ಕರಣಾಗಾರವೂ ಬಂದಿತ್ತು. ಆದರೆ ಅದು ದೇಶಕ್ಕೆ ಸಾಲುವಷ್ಟು ಇರಲಿಲ್ಲ. ಹಳ್ಳಿಯ ಕಂದೀಲಿಗೆ ಹಾಕುವ ಚಿಮಣಿ ಎಣ್ಣೆಯಿಂದ ಹಿಡಿದು ಲಾರಿಯ ಡೀಸೆಲ್‌ವರೆಗೆ ವ್ಯಾಪಾರವೆಲ್ಲ ಬರ್ಮಾ ಶೆಲ್, ಸ್ಟಾನ್‌ವ್ಯಾಕ್, ಕಾಲ್ಟೆಕ್ಸ್ ಎಂಬ ಮೂರು ವಿದೇಶಿ ಕಂಪನಿಗಳ ಕೈಯಲ್ಲಿತ್ತು. 1950ರ ದಶಕದಲ್ಲಿ ಈ ಕಂಪನಿಗಳು ಮುಂಬೈಯ ಟ್ರಾಂಬೆ ಮತ್ತು ವಿಶಾಖಪಟ್ಟಣದಲ್ಲಿ ಸಂಸ್ಕರಣಾಗಾರ ಕಟ್ಟಿದವು. ಕಟ್ಟುವ ಮುಂಚೆ ಸರ್ಕಾರದಿಂದ ಒಂದು ಭರವಸೆ ಬರೆಸಿಕೊಂಡವು. 25 ವರ್ಷ ನಮ್ಮನ್ನು ರಾಷ್ಟ್ರೀಕರಣ ಮಾಡಬಾರದು. ಕಚ್ಚಾ ತೈಲ ಎಲ್ಲಿಂದ ತರಬೇಕು ಅನ್ನೋ ಆಯ್ಕೆಯೂ ಅವರದ್ದೇ.

ಆ ಆಯ್ಕೆಯ ಬೆಲೆ ನಮಗೆ ಗೊತ್ತಾಗಿದ್ದು 1960ರಲ್ಲಿ. ಸೋವಿಯತ್ ಒಕ್ಕೂಟ ಕಡಿಮೆ ದರಕ್ಕೆ ಕಚ್ಚಾ ತೈಲ ಕೊಡ್ತೀವಿ, ರೂಪಾಯಿಯಲ್ಲೇ ಹಣ ಕೊಡಿ ಅಂತು. ವಿದೇಶಿ ವಿನಿಮಯಕ್ಕೆ ಪರದಾಡುತ್ತಿದ್ದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಸುದ್ದಿ ಬೇಕಾ? ಆದರೆ ಆ ಮೂರು ಕಂಪನಿಗಳು ನಮ್ಮ ನೆಲದ ಮೇಲಿನ ತಮ್ಮ ಸಂಸ್ಕರಣಾಗಾರಗಳಲ್ಲಿ ಅದನ್ನು ಸಂಸ್ಕರಿಸುವುದಿಲ್ಲ ಅಂದವು. ಯೋಚನೆ ಮಾಡಿ. ನೆಲ ನಮ್ಮದು, ಕೊಳ್ಳುವವರು ನಾವು, ತೈಲ ಸಿಗ್ತಾ ಇದೆ. ಆದರೂ ಕೊಳ್ಳಲು ಆಗಲಿಲ್ಲ. ಕಾರಣ, ಕೀಲಿ ಬೇರೆಯವರ ಹತ್ತಿರ ಇತ್ತು.

ಆಗ ಮುಂದೆ ನಿಂತವರು ಕೇಶವದೇವ ಮಾಳವೀಯ. ಭಾರತದಲ್ಲಿ ತೈಲ ಇಲ್ಲ ಅಂತ ಪಶ್ಚಿಮದ ತಜ್ಞರು ಕೈಚೆಲ್ಲಿದ್ದಾಗ, ಹುಡುಕಿಯೇ ನೋಡೋಣ ಅಂತ ಹಟ ಹಿಡಿದವರು. 1956ರಲ್ಲಿ ತೈಲ ಮತ್ತು ನೈಸರ್ಗಿಕ ಅನಿಲ ಆಯೋಗ, ಅಂದರೆ ಇವತ್ತಿನ ಒಎನ್‌ಜಿಸಿ ರೂಪುಗೊಂಡಿತು. 1958ರಲ್ಲಿ ಗುಜರಾತಿನ ಖಂಭಾತ್ ಬಳಿ, 1960ರಲ್ಲಿ ಅಂಕಲೇಶ್ವರದಲ್ಲಿ ತೈಲ ಸಿಕ್ಕಿತು. ಮಾರಾಟಕ್ಕೆ ಅಂತ 1959ರಲ್ಲಿ ಇಂಡಿಯನ್ ಆಯಿಲ್ ಕಂಪನಿ ಹುಟ್ಟಿತು. ನಿಮ್ಮ ಸಂಸ್ಕರಣಾಗಾರ ಬೇಡ, ನಾವು ಸಿದ್ಧ ಡೀಸೆಲ್ಲನ್ನೇ ತರಿಸ್ತೀವಿ ಅಂತ ಸರ್ಕಾರ ಹೇಳಿತು. 1960ರ ಆಗಸ್ಟ್‌ನಲ್ಲಿ ಉಜ್ಗೊರೊದ್ ಎಂಬ ಸೋವಿಯತ್ ಹಡಗು ಹನ್ನೊಂದು ಸಾವಿರ ಟನ್‌ಗೂ ಹೆಚ್ಚು ಡೀಸೆಲ್ ಹೊತ್ತು ಮುಂಬೈಗೆ ಬಂತು. ಅದಾದ ಮೇಲೆ ವಿದೇಶಿ ಕಂಪನಿಗಳೂ ದರ ಇಳಿಸಿದವು! ಎದುರಿಗೆ ಇನ್ನೊಂದು ಅಂಗಡಿ ತೆರೆದರೆ ಸಾಹುಕಾರನ ತಕ್ಕಡಿ ತಾನಾಗಿ ಸರಿಯಾಗುತ್ತೆ ಅನ್ನೋದು ಸಂತೆಗೆ ಹೋದವರಿಗೆಲ್ಲ ಗೊತ್ತು. ಮುಂದೆ ಗುವಾಹಟಿ, ಬರೌನಿ, ಕೊಯಲಿಗಳಲ್ಲಿ ನಮ್ಮದೇ ಸಂಸ್ಕರಣಾಗಾರಗಳು ಬಂದವು.

1973ರಲ್ಲಿ ಅರಬ್–ಇಸ್ರೇಲ್ ಯುದ್ಧ. ಕೆಲವೇ ತಿಂಗಳಲ್ಲಿ ತೈಲದ ಬೆಲೆ ಹೆಚ್ಚುಕಡಿಮೆ ನಾಲ್ಕು ಪಟ್ಟಾಯಿತು. 1974ರಲ್ಲಿ ಎರಡು ದೊಡ್ಡ ಘಟನೆ ನಡೆದವು. ಒಂದು, ಸಾಗರ್ ಸಾಮ್ರಾಟ್ ರಿಗ್ ಸಮುದ್ರದ ತಳದಲ್ಲಿ ಬಾಂಬೆ ಹೈ ತೈಲ ನಿಕ್ಷೇಪ ಕಂಡುಹಿಡಿಯಿತು. ಇನ್ನೊಂದು, ಸ್ಟಾನ್‌ವ್ಯಾಕ್‌ನ ವ್ಯವಹಾರ ನೋಡಿಕೊಳ್ಳುತ್ತಿದ್ದ ಎಸ್ಸೊ ಕಂಪನಿಯನ್ನು ಸಂಸತ್ತು ಕಾನೂನಿನ ಮೂಲಕ ದೇಶದ ವಶಕ್ಕೆ ತಂದಿತು, ಅದೇ ಹಿಂದುಸ್ತಾನ್ ಪೆಟ್ರೋಲಿಯಂ ಆಯಿತು. 1976ರಲ್ಲಿ ಬರ್ಮಾ ಶೆಲ್ ಬಂತು, ಮರುವರ್ಷ ಭಾರತ್ ಪೆಟ್ರೋಲಿಯಂ ಅನ್ನೋ ಹೆಸರು ಪಡೆಯಿತು. ಕಾಲ್ಟೆಕ್ಸ್ ಕೂಡ ಬಂತು. ಇಲ್ಲೊಂದು ಸೂಕ್ಷ್ಮ ಗಮನಿಸಿ. ಈ ಕಾನೂನುಗಳ ಗುರಿಯಲ್ಲಿ ಸರ್ಕಾರ ಲಾಭ ಮಾಡೋದು ಅಂತ ಇರಲಿಲ್ಲ. ಪೆಟ್ರೋಲಿಯಂ ಪದಾರ್ಥಗಳು ದೇಶದಲ್ಲಿ ಸರಿಯಾಗಿ, ಹೊಂದಾಣಿಕೆಯಿಂದ ಹಂಚಿಕೆಯಾಗಬೇಕು ಅಂತ ಇತ್ತು.

ನಮ್ಮ ರಾಜ್ಯದ ಸರದಿ ತಡವಾಗಿ ಬಂತು. 1988ರಲ್ಲಿ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಸೇರಿ ಮಂಗಳೂರಿನಲ್ಲಿ ಎಂಆರ್‌ಪಿಎಲ್ ಸ್ಥಾಪಿಸಿದವು. 1996ರಲ್ಲಿ ಉತ್ಪಾದನೆ ಶುರು. ನಷ್ಟದಲ್ಲಿ ಮುಳುಗಿದ್ದ ಅದನ್ನು 2003ರಲ್ಲಿ ಒಎನ್‌ಜಿಸಿ ವಹಿಸಿಕೊಂಡು ಎತ್ತಿ ನಿಲ್ಲಿಸಿತು. ಈಗ ವರ್ಷಕ್ಕೆ 150 ಲಕ್ಷ ಟನ್ ಸಾಮರ್ಥ್ಯ. ಅಷ್ಟು ದೊಡ್ಡ ಸಂಸ್ಕರಣಾಗಾರ 2016ರ ಬೇಸಿಗೆಯಲ್ಲಿ ಕೆಲವು ಘಟಕಗಳನ್ನು ನಿಲ್ಲಿಸಬೇಕಾಯಿತು. ಯಾಕೆ? ನೇತ್ರಾವತಿಯಲ್ಲಿ ನೀರಿಲ್ಲ! ಕಚ್ಚಾ ತೈಲ ಇತ್ತು, ಯಂತ್ರ ಇತ್ತು, ನೀರಿರಲಿಲ್ಲ. ಆಮೇಲೆ ಸಮುದ್ರದ ನೀರನ್ನು ಸಿಹಿ ಮಾಡುವ ಘಟಕ ಹಾಕಿದರು. ಮಳೆ ಸುರಿಯುವ ಕರಾವಳಿಗೂ ಈ ಗತಿ ಬರುತ್ತೆ ಅಂದರೆ ವಿಜಯಪುರದವರು ನಗಬಹುದು. ಸರಪಳಿಯಲ್ಲಿ ಯಾವ ಕೊಂಡಿ ಕಳಚುತ್ತೆ ಅಂತ ಮೊದಲೇ ಹೇಳಲಿಕ್ಕಾಗೋದಿಲ್ಲ ಅನ್ನೋದಕ್ಕೆ ಇದೇ ಸಾಕ್ಷಿ.

ಇನ್ನು ಹಗೇವಿನ ವಿಷಯ. ದೇಶದ ಎಣ್ಣೆಯ ಹಗೇವುಗಳಲ್ಲಿ ದೊಡ್ಡ ಪಾಲು ಇರೋದು ನಮ್ಮ ರಾಜ್ಯದಲ್ಲೇ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್. ಕರ್ನಾಟಕದ ಇವೆರಡನ್ನೂ ಪ್ರಧಾನಿ 2019ರ ಫೆಬ್ರವರಿ 10ರಂದು ಲೋಕಾರ್ಪಣೆ ಮಾಡಿದ್ದು ಹುಬ್ಬಳ್ಳಿಯ ವೇದಿಕೆಯಿಂದ. ಈ ಹಗೇವು ಹೇಗೆ ಕೆಲಸ ಮಾಡುತ್ತೆ ಅನ್ನೋದು ಸ್ವಾರಸ್ಯ. ಗಟ್ಟಿ ಬಂಡೆಯನ್ನು ಅಂತರ್ಜಲ ಮಟ್ಟಕ್ಕಿಂತ ಕೆಳಗೆ ಕೊರೆದು ದೊಡ್ಡ ಗುಹೆ ಮಾಡ್ತಾರೆ. ಸುತ್ತಲಿನ ಬಂಡೆಯ ಬಿರುಕುಗಳಲ್ಲಿ ನೀರು ಸದಾ ಒತ್ತಡದಲ್ಲಿ ಇರುವಂತೆ ನೋಡಿಕೊಳ್ತಾರೆ. ಆ ನೀರಿನ ಒತ್ತಡ ಎಣ್ಣೆಯನ್ನು ಹೊರಗೆ ಹೋಗೋದಕ್ಕೆ ಬಿಡೋದಿಲ್ಲ. ಒಳಗೆ ಒಸರಿದ ನೀರು ತಳದಲ್ಲಿ ಸೇರುತ್ತೆ, ಅದನ್ನು ಪಂಪ್ ಮಾಡಿ ತೆಗೀತಾರೆ. ಜೋಳದ ಹಗೇವಿಗೆ ನೀರು ಶತ್ರು, ಎಣ್ಣೆಯ ಹಗೇವಿಗೆ ನೀರೇ ಬೀಗ.

ಕೂಡಿಟ್ಟರೆ ಲಾಭವೂ ಇದೆ. 2020ರ ಲಾಕ್‌ಡೌನ್‌ನಲ್ಲಿ ತೈಲ ಕೇಳುವವರಿಲ್ಲದೆ ಬೆಲೆ ಕುಸಿದಾಗ, ಸರಾಸರಿ ಬ್ಯಾರೆಲ್‌ಗೆ 19 ಡಾಲರ್‌ನಂತೆ ಸರ್ಕಾರ ಈ ಗುಹೆಗಳನ್ನು ತುಂಬಿಸಿತು. ಸುಮಾರು 5,000 ಕೋಟಿ ರೂಪಾಯಿ ಉಳಿತಾಯ ಆಯಿತು ಅಂತ ಸರ್ಕಾರವೇ ಹೇಳಿದೆ. ಸುಗ್ಗಿಯಲ್ಲಿ ತುಂಬು, ಬರದಲ್ಲಿ ತೆಗೆ. ಅದೇ ಹಳೆಯ ಬುದ್ಧಿ. 2021ರಲ್ಲಿ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್, ಒಡಿಶಾದ ಚಂಡಿಖೋಲ್‌ನಲ್ಲಿ 40 ಲಕ್ಷ ಟನ್ ಸಂಗ್ರಹಕ್ಕೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಇದನ್ನು ಮೆಚ್ಚಲೇಬೇಕು, ಕೆಲಸ ಬೇಗ ಮುಗಿಸಿ ಅಂತ ಒತ್ತಾಯವನ್ನೂ ಮಾಡಬೇಕು.

ಆದರೆ ಎರಡನೇ ಪ್ರಶ್ನೆ ಇದೆಯಲ್ಲ, ಬಾಯಿ ಯಾರ ಕೈಯಲ್ಲಿ? 2003ರಲ್ಲಿ ಕೇಂದ್ರ ಸರ್ಕಾರ ಹಿಂದುಸ್ತಾನ್ ಪೆಟ್ರೋಲಿಯಂ ಮತ್ತು ಭಾರತ್ ಪೆಟ್ರೋಲಿಯಂಗಳನ್ನು ಖಾಸಗಿಗೆ ಮಾರಲು ಹೊರಟಿತ್ತು. ಪ್ರಕರಣ ಸುಪ್ರೀಂ ಕೋರ್ಟ್‌ಗೆ ಹೋಯಿತು. ನ್ಯಾಯಪೀಠದಲ್ಲಿದ್ದವರು ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು ಮತ್ತು ನ್ಯಾಯಮೂರ್ತಿ ಜಿ.ಪಿ. ಮಾಥುರ್. ರಾಜೇಂದ್ರ ಬಾಬು ನಮ್ಮ ಬೆಂಗಳೂರಿನವರು, ಮರುವರ್ಷ ಭಾರತದ ಮುಖ್ಯ ನ್ಯಾಯಮೂರ್ತಿಯೂ ಆದರು. ಸೆಪ್ಟೆಂಬರ್ 16ರ ಆ ತೀರ್ಪಿನ ತಿರುಳು ಇಷ್ಟು. ಸಂಸತ್ತು ಕಾನೂನು ಮಾಡಿ ಇವನ್ನು ದೇಶದ ವಶಕ್ಕೆ ತಂದಿದೆ, ಮಾರಬೇಕು ಅಂದರೆ ಮತ್ತೆ ಸಂಸತ್ತಿಗೆ ಹೋಗಿ ಕಾನೂನು ತಿದ್ದಿ ಬನ್ನಿ. ಮಾರಬೇಡಿ ಅಂತ ಕೋರ್ಟ್ ಹೇಳಲಿಲ್ಲ, ಗಮನಿಸಿ. ಜನರ ಮುಂದೆ ಚರ್ಚೆ ಮಾಡಿ ಮಾರಿ ಅಂತ ಹೇಳಿತು.

ಆ ಬೀಗ ಈಗ ಇದೆಯಾ? 2016ರಲ್ಲಿ ಬಳಕೆ ತಪ್ಪಿದ ಹಳೆಯ ಕಾನೂನುಗಳನ್ನು ರಾಶಿ ಹಾಕಿ ರದ್ದು ಮಾಡುವಾಗ, ಬರ್ಮಾ ಶೆಲ್ ರಾಷ್ಟ್ರೀಕರಣದ 1976ರ ಕಾನೂನೂ ಆ ರಾಶಿಯಲ್ಲಿ ಹೋಯಿತು. ಎಷ್ಟು ಜನಕ್ಕೆ ಗೊತ್ತಾಯಿತು? ನಮ್ಮ ಸುದ್ದಿ ವಾಹಿನಿಗಳಲ್ಲಿ ಎಷ್ಟು ಚರ್ಚೆ ನಡೆಯಿತು? 2019ರ ನವೆಂಬರ್‌ನಲ್ಲಿ ಭಾರತ್ ಪೆಟ್ರೋಲಿಯಂನಲ್ಲಿ ಸರ್ಕಾರದ ಸುಮಾರು ಶೇ 53ರಷ್ಟು ಪಾಲನ್ನು ಮಾರಲು ಸಂಪುಟ ಒಪ್ಪಿತು. ಕೊನೆಗೆ ಕಣದಲ್ಲಿ ಒಬ್ಬರೇ ಉಳಿದದ್ದರಿಂದ 2022ರ ಮೇ ತಿಂಗಳಲ್ಲಿ ಮಾರಾಟ ಕೈಬಿಟ್ಟರು. ಅಂದರೆ ಮಾರಾಟ ನಿಂತದ್ದು ಕೊಳ್ಳುವವರು ಇಲ್ಲದ್ದಕ್ಕೆ.

ಸರ್ಕಾರಿ ಕಂಪನಿಗಳೆಲ್ಲ ಚೊಕ್ಕ ಚಿನ್ನ ಅಂತ ನಾನು ಹೇಳ್ತಾ ಇಲ್ಲ. 2021ರ ನವೆಂಬರ್‌ನಿಂದ 2022ರ ಮಾರ್ಚ್‌ವರೆಗೆ, ಉತ್ತರ ಪ್ರದೇಶದ ಚುನಾವಣೆ ಮುಗಿಯೋವರೆಗೂ, ನಾಲ್ಕು ತಿಂಗಳು ಪೆಟ್ರೋಲ್ ಬೆಲೆ ಅಲ್ಲಾಡಲಿಲ್ಲ. ಅದು ಮಾರುಕಟ್ಟೆಯ ಲೆಕ್ಕವಾ, ಮತದ ಲೆಕ್ಕವಾ? ನೀವೇ ಹೇಳಿ. ಆದರೆ ಅದೇ 2022ರ ಜೂನ್ ತಿಂಗಳನ್ನೂ ನೆನಪು ಮಾಡಿಕೊಳ್ಳಿ. ಉಕ್ರೇನ್ ಯುದ್ಧದಿಂದ ಕಚ್ಚಾ ತೈಲದ ಬೆಲೆ ಏರಿತ್ತು. ನಷ್ಟ ಬೇಡ ಅಂತ ಖಾಸಗಿ ಬಂಕ್‌ಗಳು ಮಾರಾಟ ಕಡಿಮೆ ಮಾಡಿದವು. ಜನರೆಲ್ಲ ಸರ್ಕಾರಿ ಕಂಪನಿಗಳ ಬಂಕ್‌ಗೆ ಮುಗಿಬಿದ್ದರು. ಕರ್ನಾಟಕ, ರಾಜಸ್ಥಾನ, ಮಧ್ಯಪ್ರದೇಶಗಳಲ್ಲಿ ಕೆಲವು ಕಡೆ ಬಂಕ್‌ಗಳು ಬರಿದಾದವು. ಮುಂಗಾರು ಬಿತ್ತನೆಯ ಹೊತ್ತು ಅದು! ಕೊನೆಗೆ ಕೇಂದ್ರ ಸರ್ಕಾರ, ಲೈಸೆನ್ಸ್ ಪಡೆದ ಎಲ್ಲ ಬಂಕ್‌ಗಳೂ, ದೂರದ ಊರಿನವೂ, ಜನರಿಗೆ ಇಂಧನ ಕೊಡಲೇಬೇಕು ಅಂತ ಆದೇಶ ಹೊರಡಿಸಿತು. ಆ ಮೂರು ತಿಂಗಳಲ್ಲಿ ಮೂರು ಸರ್ಕಾರಿ ಕಂಪನಿಗಳು ಸೇರಿ ಅನುಭವಿಸಿದ ನಷ್ಟ 18,480 ಕೋಟಿ ರೂಪಾಯಿ. ಲಾಭಕ್ಕೆ ಮಾತ್ರ ಅಂಗಡಿ ಇಟ್ಟವರು ನಷ್ಟದ ದಿನ ಬಾಗಿಲು ಹಾಕಿದರೆ ಅವರನ್ನು ಬೈಯೋದಕ್ಕೆ ಆಗಲ್ಲ. ನಷ್ಟದ ದಿನವೂ ಬಾಗಿಲು ತೆಗೆದಿರುವ ಅಂಗಡಿ ದೇಶಕ್ಕೆ ಬೇಕಾ ಬೇಡವಾ, ಅದನ್ನು ನಾವು ತೀರ್ಮಾನಿಸಬೇಕು.

ಈಗ ಮೂರನೇ ಪ್ರಶ್ನೆ, ಕೊನೆಯ ಹಳ್ಳಿ. ಅದಕ್ಕಾಗಿ ಮತ್ತೆ ವಿಜಯಪುರ ಜಿಲ್ಲೆಗೆ, ತಿಕೋಟಾ ಮತ್ತು ಬಬಲೇಶ್ವರಕ್ಕೆ ಹೋಗೋಣ. ಇವೆರಡೂ 2018ರಲ್ಲಿ ಕೆಲಸ ಶುರು ಮಾಡಿದ ಹೊಸ ತಾಲ್ಲೂಕುಗಳು. ತಿಕೋಟಾ ಅಂದರೆ ದ್ರಾಕ್ಷಿ. ಅಕ್ಟೋಬರ್‌ನಲ್ಲಿ ಚಾಟನಿ ಮಾಡಿದ ಮೇಲೆ ಮೋಡ ಮುಸುಕಿ ಎರಡು ಹನಿ ಬಿದ್ದರೆ ಸಾಕು, ಡೌನಿ ರೋಗದ ಭಯ. ಆಗ ಟ್ರ್ಯಾಕ್ಟರ್ ಬ್ಲೋವರ್‌ನಲ್ಲಿ ಔಷಧಿ ಹೊಡೆಯೋದಕ್ಕೆ ರೈತನಿಗೆ ಸಿಗುವ ಸಮಯ ಕೆಲವೇ ಗಂಟೆ. ಬಂಕ್‌ನಲ್ಲಿ ಡೀಸೆಲ್ ಇಲ್ಲ, ನಾಡಿದ್ದು ಬನ್ನಿ ಅಂದರೆ ವರ್ಷದ ಬೆಳೆ ಹೋಯಿತು. ಬರದ ಬೇಸಿಗೆಯಲ್ಲಿ ಬಳ್ಳಿ ಉಳಿಸಿಕೊಳ್ಳೋದಕ್ಕೆ ಟ್ಯಾಂಕರ್ ನೀರು, ಆ ಟ್ಯಾಂಕರ್‌ಗೂ ಡೀಸೆಲ್. ಒಣಗಿಸಿದ ಮನೂಕ ಮಾರುಕಟ್ಟೆಗೆ ಹೋಗೋದಕ್ಕೂ ಡೀಸೆಲ್. ದೆಹಲಿಯ ಒಂಬತ್ತೂವರೆ ದಿನದ ಲೆಕ್ಕ ತಿಕೋಟಾದಲ್ಲಿ ಗಂಟೆಯ ಲೆಕ್ಕ ಆಗುತ್ತೆ.

ಇನ್ನೊಂದು ಮಾತು. ಪಾದೂರಿನ ಗುಹೆಯಲ್ಲಿ ಇರೋದು ಕಚ್ಚಾ ತೈಲ, ಅದನ್ನು ಟ್ರ್ಯಾಕ್ಟರ್‌ಗೆ ಹಾಕೋದಕ್ಕೆ ಬರೋದಿಲ್ಲ. ಅದು ಸಂಸ್ಕರಣಾಗಾರಕ್ಕೆ ಹೋಗಬೇಕು, ಡೀಸೆಲ್ ಆಗಬೇಕು, ಆಮೇಲೆ ಒಳನಾಡಿಗೆ ಬರಬೇಕು. ವಿಜಯಪುರಕ್ಕೆ ಮಂಗಳೂರೂ ದೂರ, ಮುಂಬೈಯೂ ದೂರ, ರಸ್ತೆಯಲ್ಲಿ ಎರಡೂ 450 ಕಿಲೋಮೀಟರ್ ಮೇಲೆ. ಘಟ್ಟದಲ್ಲಿ ಗುಡ್ಡ ಕುಸಿದರೆ, ಟ್ಯಾಂಕರ್ ಮುಷ್ಕರ ಆದರೆ, ಗುಹೆ ತುಂಬಿದ್ದರೂ ಬಂಕ್ ಖಾಲಿ. ಸೊಲ್ಲಾಪುರದವರೆಗೆ ರೈಲು ಇದ್ದೂ ವಿಜಯಪುರಕ್ಕೆ ಕಾಳು ಮುಟ್ಟಲಿಲ್ಲವಲ್ಲ, ಹಾಗೆ.

ಬಬಲೇಶ್ವರ ಇದಕ್ಕೆ ಇನ್ನೊಂದು ಮುಖ. ಕೃಷ್ಣೆಯ ದಂಡೆಯ ಕಬ್ಬು, ನಂದಿ ಸಹಕಾರಿ ಸಕ್ಕರೆ ಕಾರ್ಖಾನೆಯಂಥ ಕಾರ್ಖಾನೆಗಳು. ದೇಶ ಪೆಟ್ರೋಲ್‌ಗೆ ಎಥೆನಾಲ್ ಬೆರೆಸ್ತಾ ಇದೆ. 2022ರಲ್ಲಿ ಶೇ 10 ಆಯಿತು, 2025ರಲ್ಲಿ ಶೇ 20 ಮುಟ್ಟಿತು. ಒಂದರ್ಥದಲ್ಲಿ ಕಬ್ಬಿನ ಗದ್ದೆಯೇ ತೈಲಬಾವಿ! ಆದರೆ ಮಳೆ ಕೈಕೊಟ್ಟ 2023ರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ಮಾಡಬೇಡಿ, ಸಕ್ಕರೆಗೆ ಕೊರತೆ ಆಗುತ್ತೆ ಅಂತ ಸರ್ಕಾರವೇ ತಡೆ ಹಾಕಿತು. ಗಲ್ಫ್‌ನ ಯುದ್ಧದ ಬದಲು ಮುಂಗಾರಿಗೆ ಹೆದರಬೇಕಾಯಿತು, ಅಷ್ಟೇ. ಹೆಚ್ಚು ಭರವಸೆ ಮೂಡಿಸುವುದು ಏತ ನೀರಾವರಿ. ತುಬಚಿ–ಬಬಲೇಶ್ವರದಂಥ ಯೋಜನೆಗಳು ಕೃಷ್ಣೆಯ ನೀರನ್ನು ವಿದ್ಯುತ್ ಪಂಪ್‌ಗಳಿಂದ ಮೇಲೆತ್ತಿ ಈ ಒಣ ಭೂಮಿಗೆ ತಂದವು. ಕಾಲುವೆಯಲ್ಲಿ ಬಂದ ಪ್ರತಿ ಹನಿ, ಟ್ಯಾಂಕರ್‌ನಲ್ಲಿ ತರಬೇಕಿದ್ದ ಒಂದು ಹನಿಯ ಡೀಸೆಲ್ ಉಳಿಸುತ್ತೆ. ಇಂಧನ ಭದ್ರತೆಯ ಪಟ್ಟಿಯಲ್ಲಿ ನೀರಾವರಿಯ ಹೆಸರು ಯಾರೂ ಬರೆಯೋದಿಲ್ಲ. ನಾನು ಬರೀತೀನಿ.

ಹಾಗಾದರೆ ನಾವು ಕೇಳಬೇಕಾದ್ದೇನು? ಪಾದೂರಿನ ಎರಡನೇ ಹಂತ ಯಾವಾಗ ತುಂಬುತ್ತೆ ಅಂತ ದಿನಾಂಕ ಕೇಳಬೇಕು. ಬರೀ ಕಚ್ಚಾ ತೈಲ ಸಾಲದು, ಕಲ್ಯಾಣ ಕರ್ನಾಟಕ, ಕಿತ್ತೂರು ಕರ್ನಾಟಕದ ಒಳನಾಡಿನಲ್ಲಿ ಬಿತ್ತನೆ ಮತ್ತು ಸುಗ್ಗಿ ಕಾಲಕ್ಕೆ ಆಗುವಷ್ಟು ಸಿದ್ಧ ಡೀಸೆಲ್ ದಾಸ್ತಾನು ಇಡಿ ಅಂತ ಕೇಳಬೇಕು. ಮುಂದೆ ಯಾವ ಪಕ್ಷದ ಸರ್ಕಾರ ಬಂದರೂ, ಈ ಕಂಪನಿಗಳನ್ನು ಮಾರುವ ಮುಂಚೆ ಸಂಸತ್ತಿನಲ್ಲಿ ಚರ್ಚೆ ಆಗಲೇಬೇಕು ಅನ್ನೋ ಬೀಗವನ್ನು ಕಾನೂನಿನಲ್ಲಿ ಮತ್ತೆ ಹಾಕಿ ಅಂತ ಕೇಳಬೇಕು. ಈ ಮೂರರಲ್ಲಿ ಒಂದನ್ನಾದರೂ ನಿಮ್ಮ ಸಂಸದರಿಗೆ ಕೇಳಿದ್ದೀರಾ? ಮುಂದಿನ ಸಲ ಅವರು ಮತ ಕೇಳಲು ಊರಿಗೆ ಬಂದಾಗ, ಲೀಟರ್ ಬೆಲೆ ಕೇಳಿದ ಮೇಲೆ ಇದನ್ನೂ ಒಂದು ಸಲ ಕೇಳಿ.

ಮನೆಯ ಹಿರಿಯರು ಹಗೇವನ್ನು ಮುಚ್ಚುವಾಗ ಎಷ್ಟು ಚೀಲ ಹಾಕಿದ್ದೇವೆ, ಯಾವ ಜಾಗದಲ್ಲಿ ಬಾಯಿ ಇದೆ ಅಂತ ಮನೆಮಂದಿಗೆ ಹೇಳಿಯೇ ಮುಚ್ಚುತ್ತಿದ್ದರು. ದೇಶದ ಹಗೇವಿನ ಲೆಕ್ಕವೂ ಮನೆಮಂದಿಗೆ ಗೊತ್ತಿರಬೇಕು.